ಅಂಗಳದ ಬಣ್ಣ, ಯಕೃತ್ತಿನ ಸಾಕ್ಷ್ಯ: ಕೊಂಗುನಾಡಿನ ಒಂದು ವಿಷದ ಚರಿತ್ರೆ

ಕೊಯಮತ್ತೂರು ಮತ್ತು ತಿರುಪ್ಪೂರು ಸೀಮೆಯ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ವಲಸೆ, ಮಗ್ಗ, ಕುಲದೇವತೆ ಈ ಮೂರರ ಸುತ್ತಲೇ ತಮ್ಮ ಬರಹವನ್ನು ಕಟ್ಟುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. 1799ರವರೆಗೆ ಈ ನಾಡು ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. 1956ರವರೆಗೆ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯದೇ ಒಂದು ತಾಲ್ಲೂಕಾಗಿತ್ತು. ಚೌಡೇಶ್ವರಿಯನ್ನು ಆರಾಧಿಸುವ ದೇವಾಂಗರ ಮನೆಗಳಲ್ಲಿ ಇಂದಿಗೂ ಅಡುಗೆಮನೆಯ ಮಾತು ಕನ್ನಡ, ಬೀದಿಯ ಮಾತು ತಮಿಳು. ಆದರೆ ಮನೆಗೂ ಬೀದಿಗೂ ನಡುವೆ ಅಂಗಳವೆಂಬುದೊಂದಿದೆ. ಅದಕ್ಕೂ ಒಂದು ಚರಿತ್ರೆಯುಂಟು. ಆ ಚರಿತ್ರೆಯ ಒಂದು ಕವಲು ಆಸ್ಪತ್ರೆಯ ಶವಾಗಾರದವರೆಗೆ ಹೋಗಿರುವುದರಿಂದ ಅದನ್ನು ಯಾರೂ ಸ್ಮರಣ ಸಂಚಿಕೆಗಳಲ್ಲಿ ಬರೆಯುವುದಿಲ್ಲ. ನಾವು ಈ ಲೇಖನದಲ್ಲಿ ಅದನ್ನೇ ಬರೆಯಲು ಹೊರಟಿದ್ದೇವೆ. ಸಂಭ್ರಮದ ಸಂಚಿಕೆಗೆ ಇದು ಒಗ್ಗದ ವಿಷಯವೆಂದು ಹಿರಿಯರು ಭಾವಿಸಬಹುದು. ಓದಿದ ಮೇಲೆ ಅವರೇ ತೀರ್ಮಾನಿಸಲಿ.

ಬೆಳಗಿನ ಜಾವ ಅಂಗಳ ಗುಡಿಸಿ, ಸಗಣಿ ಕದಡಿದ ನೀರು ಚಿಮುಕಿಸಿ, ಅದು ಆರುವ ಮುನ್ನ ರಂಗೋಲಿ ಎಳೆಯುವುದು ನಮ್ಮಲ್ಲಿಯೂ ತಮಿಳರಲ್ಲಿಯೂ ಒಂದೇ ರೀತಿಯ ಆಚಾರ. ಧನುರ್ಮಾಸದಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಮಹತ್ವ. ಸಗಣಿಯ ನೀರು ನೆಲದ ಧೂಳನ್ನು ಹಿಡಿದಿಡುತ್ತದೆ. ಅದರ ಕಡು ಹಸಿರಿನ ಮೇಲೆ ಬಿಳಿಯ ಗೆರೆ ಎದ್ದು ಕಾಣುತ್ತದೆ. ಹಟ್ಟಿಯಲ್ಲಿ ಹಸುವಿದ್ದ ಕಾಲಕ್ಕೆ ಇದಕ್ಕೆ ಯಾವ ಖರ್ಚೂ ಇರಲಿಲ್ಲ. ಕೊಯಮತ್ತೂರಿನಲ್ಲಿ 1888ರಲ್ಲಿ ಮೊದಲ ಹತ್ತಿ ಗಿರಣಿ ಸ್ಥಾಪನೆಯಾಯಿತು. ಮುಂದಿನ ಶತಮಾನದಲ್ಲಿ ಗಿರಣಿಗಳು ಸಾಲುಸಾಲಾಗಿ ಎದ್ದುವು. ತಿರುಪ್ಪೂರು ಬನಿಯನ್ನಿನ ಊರಾಯಿತು. ಬೀದಿಗಳು ಇಕ್ಕಟ್ಟಾದವು, ಹಟ್ಟಿಗಳು ಬಾಡಿಗೆಯ ಕೋಣೆಗಳಾದವು, ಹಸುಗಳು ಊರ ಹೊರಗೆ ಹೋದವು. ಅಂಗಳ ಮಾತ್ರ ಉಳಿಯಿತು, ಅದೂ ಸಿಮೆಂಟಿನದಾಗಿ. ಸಗಣಿಯಿಲ್ಲದ ಊರಿನಲ್ಲಿ ಸಗಣಿಯ ಬಣ್ಣವನ್ನಾದರೂ ಉಳಿಸಿಕೊಳ್ಳಬೇಕೆಂಬ ಆಸೆಗೆ ಉತ್ತರವಾಗಿ ಕಿರಾಣಿ ಅಂಗಡಿಗಳಿಗೆ ಬಂದದ್ದು ಸಣ್ಣ ಪೊಟ್ಟಣದ ಒಂದು ಪುಡಿ. ತಮಿಳಿನಲ್ಲಿ ಸಾಣಿಪೌಡರ್, ನಮ್ಮವರ ಬಾಯಲ್ಲಿ ಸಗಣಿಪುಡಿ.

ಹೆಸರಿನಲ್ಲಿ ಸಗಣಿಯಿದ್ದರೂ ಆ ಪುಡಿಯಲ್ಲಿ ಸಗಣಿಯ ಲವಲೇಶವೂ ಇಲ್ಲ. ಅದು ಬಟ್ಟೆ, ಕಾಗದ, ತೊಗಲುಗಳಿಗೆ ಹಾಕುವ ಕೃತಕ ಬಣ್ಣ. ಹಳದಿಯದರ ಹೆಸರು ಆರಮೀನ್, ಹಸಿರಿನದರ ಹೆಸರು ಮ್ಯಾಲಕೈಟ್ ಗ್ರೀನ್. ಇವೆರಡೂ ಹುಟ್ಟಿದ್ದು ನಮ್ಮ ನಾಡಿನಲ್ಲಲ್ಲ. 1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ಹದಿಹರೆಯದ ವಿದ್ಯಾರ್ಥಿ ಮಲೇರಿಯಾಕ್ಕೆ ಔಷಧಿ ಮಾಡಹೋಗಿ ಆಕಸ್ಮಿಕವಾಗಿ ನೇರಳೆ ಬಣ್ಣವನ್ನು ಕಂಡುಹಿಡಿದನು. ಅಲ್ಲಿಂದ ಮುಂದೆ ಕಲ್ಲಿದ್ದಲಿನ ಟಾರಿನಿಂದ ಬಣ್ಣ ತೆಗೆಯುವ ವಿದ್ಯೆ ಜರ್ಮನಿಯಲ್ಲಿ ದೊಡ್ಡ ಉದ್ಯಮವಾಗಿ ಬೆಳೆಯಿತು. ಮ್ಯಾಲಕೈಟ್ ಗ್ರೀನ್ 1877ರಲ್ಲಿ ಆಟೋ ಫಿಷರ್‌ನ ಕೈಯಲ್ಲಿ ರೂಪುಗೊಂಡಿತು. ಆರಮೀನ್ 1883ರಲ್ಲಿ ಹೈನ್ರಿಚ್ ಕಾರೊ ಮತ್ತು ಆಲ್ಫ್ರೆಡ್ ಕೆರ್ನ್ ಎಂಬವರಿಂದ. ಮಂಜಿಷ್ಠ, ನೀಲಿಗಳನ್ನು ನಂಬಿ ಬದುಕಿದ್ದ ನಮ್ಮ ನೇಕಾರರ ಬಣ್ಣದ ಗುಡಾಣಗಳಿಗೆ ಈ ಹೊಸ ಬಣ್ಣಗಳು ಇಳಿದವು. ಅಗ್ಗ, ಗಾಢ, ಕೈಗೆ ಸುಲಭ.

ಇವುಗಳಲ್ಲಿ ಕೆಡುಕಿದೆಯೆಂಬುದು ತಡವಾಗಿ ತಿಳಿದದ್ದೇನಲ್ಲ. ಆರಮೀನ್ ತಯಾರಿಸುವ ಬ್ರಿಟನ್ನಿನ ಕಾರ್ಖಾನೆಗಳ ಕೆಲಸಗಾರರಲ್ಲಿ ಮೂತ್ರಕೋಶದ ಕ್ಯಾನ್ಸರ್ ಹೆಚ್ಚಾಗಿರುವುದನ್ನು 1954ರಲ್ಲಿಯೇ ವೈದ್ಯರು ಬರೆದಿದ್ದರು. ನಮ್ಮ ದೇಶದಲ್ಲಿ ಆಹಾರಕ್ಕೆ ಇದನ್ನು ಬೆರೆಸುವಂತಿಲ್ಲ. ವಿಚಿತ್ರವೆಂದರೆ ಇದೇ ಆರಮೀನ್ ಕ್ಷಯರೋಗದ ಪ್ರಯೋಗಾಲಯಗಳಲ್ಲಿ ಜೀವ ಉಳಿಸುವ ಕೆಲಸವನ್ನೂ ಮಾಡುತ್ತದೆ: ಕಫದಲ್ಲಿರುವ ಕ್ಷಯದ ರೋಗಾಣುಗಳು ಈ ಬಣ್ಣವನ್ನು ಹೀರಿಕೊಂಡು ಸೂಕ್ಷ್ಮದರ್ಶಕದ ಕೆಳಗೆ ಕತ್ತಲೆಯಲ್ಲಿ ಮಿಂಚುಹುಳುಗಳಂತೆ ಹೊಳೆಯುತ್ತವೆ. ಬಣ್ಣದಲ್ಲಿ ಪಾಪವಿಲ್ಲ. ಅದು ಅಡುಗೆಮನೆಯ ಗೂಡಿನಲ್ಲಿ, ಅರಿಶಿನದ ಡಬ್ಬಿಯ ಪಕ್ಕದಲ್ಲಿ ಕುಳಿತದ್ದರಲ್ಲಿಯೇ ಎಲ್ಲ ಕೇಡೂ ಇರುವುದು.

ದುಃಖ ಮಿತಿಮೀರಿದ ಗಳಿಗೆಯಲ್ಲಿ ಮನುಷ್ಯನ ಕೈ ದೂರಕ್ಕೆ ಹೋಗುವುದಿಲ್ಲ, ಹತ್ತಿರವಿದ್ದುದನ್ನು ಹಿಡಿಯುತ್ತದೆ. ಕೊಯಮತ್ತೂರು, ತಿರುಪ್ಪೂರು, ಈರೋಡು ಸೀಮೆಯ ಆಸ್ಪತ್ರೆಗಳಲ್ಲಿ ಸಗಣಿಪುಡಿಯ ವಿಷವು ಈ ಪ್ರದೇಶದ್ದೇ ಆದ ಒಂದು ರೋಗದಂತೆ ಕಾಣಿಸಿಕೊಂಡದ್ದು ಹೀಗೆ. ಬೇರೆ ಊರುಗಳ ವೈದ್ಯರಿಗೆ ಪಠ್ಯಪುಸ್ತಕಗಳಲ್ಲಿ ಇದರ ಹೆಸರೇ ಸಿಗುತ್ತಿರಲಿಲ್ಲ. ಹಾಗಾಗಿ ಈ ವಿಷ ದೇಹದೊಳಗೆ ಏನು ಮಾಡುತ್ತದೆಂಬುದನ್ನು ಹೆಚ್ಚಾಗಿ ಕಲಿತವರು ಮತ್ತು ಬರೆದವರು ಇಲ್ಲಿಯ ವೈದ್ಯರೇ. ಕಲಿಸಿದವರು ಬಹಳ ಮಟ್ಟಿಗೆ ಸತ್ತವರು.

ಸತ್ತವರಿಂದ ಕಲಿಯುವ ಈ ವಿದ್ಯೆಗೂ ನಮ್ಮ ರಾಜ್ಯಕ್ಕೂ ಹಳೆಯ ನಂಟಿದೆ. ಭಾರತದಲ್ಲಿ ಕಾನೂನಿಗೋಸ್ಕರ ನಡೆದು ದಾಖಲಾದ ಮೊದಲ ಶವಪರೀಕ್ಷೆ 1693ರ ಆಗಸ್ಟ್‌ನಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಆದುದು. ಅದೂ ವಿಷದ ಪ್ರಕರಣವೇ. ಕಂಪನಿಯ ಆಡಳಿತ ಮಂಡಳಿಯ ಸದಸ್ಯನಾಗಿದ್ದ ಜೇಮ್ಸ್ ವೀಲರ್ ಎಂಬವನು ಕಾಯಿಲೆಬಿದ್ದಾಗ ವೈದ್ಯ ಸ್ಯಾಮ್ಯುಯೆಲ್ ಬ್ರೌನ್ ಮುತ್ತಿನ ಪುಡಿಯನ್ನು ಅರೆಸಿ ಕೊಟ್ಟನು. ಅರೆದ ಒರಳಿನಲ್ಲಿ ಅದಕ್ಕೆ ಮುಂಚೆ ಪಾಷಾಣವನ್ನು ಕುಟ್ಟಿದ್ದರು; ಒರಳನ್ನು ಯಾರೂ ತೊಳೆದಿರಲಿಲ್ಲ. ವೀಲರ್ ಸತ್ತನು. ಶವವನ್ನು ಪರೀಕ್ಷಿಸಿದವನು ಎಡ್ವರ್ಡ್ ಬಲ್ಕ್ಲಿ. ಬ್ರೌನ್ ತಾನೇ ಕೊಂದೆನೆಂದು ಗವರ್ನರನಿಗೆ ಬರೆದುಕೊಟ್ಟರೂ ಶಿಕ್ಷೆಯಾಗಲಿಲ್ಲ. ತೊಳೆಯದ ಒರಳು, ಗುರುತಿಲ್ಲದ ಪುಡಿ, ಮನೆಯೊಳಗಿನ ಸಾವು: ಮುನ್ನೂರು ವರ್ಷಗಳ ಹಿಂದಿನ ಈ ಕಥೆಯಲ್ಲಿ ನಮಗೆ ಪರಿಚಯವಿಲ್ಲದ್ದು ಏನೂ ಇಲ್ಲ.

ಆ ಕಾಲದ ಶವಪರೀಕ್ಷೆಯು ಜಠರವನ್ನು ತೆರೆದು ನೋಡುವುದರಲ್ಲಿಯೇ ಮುಗಿಯುತ್ತಿತ್ತು. ವಿಷವು ಜಠರವನ್ನು ದಾಟಿ ರಕ್ತಕ್ಕೆ ಸೇರಿ ಯಕೃತ್ತಿನಲ್ಲಿಯೂ ಇತರ ಅಂಗಗಳಲ್ಲಿಯೂ ತಂಗುತ್ತದೆಂದು ತೋರಿಸಿಕೊಟ್ಟವನು ಪ್ಯಾರಿಸಿನ ಓರ್ಫಿಲಾ. 1836ರಲ್ಲಿ ಜೇಮ್ಸ್ ಮಾರ್ಷ್ ಪಾಷಾಣವನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ರೂಪಿಸಿದ ಮೇಲೆ, ಅದನ್ನು ಬಳಸಿ ಹೂತಿಟ್ಟ ದೇಹದಿಂದಲೂ ವಿಷವನ್ನು ತೆಗೆದು ನ್ಯಾಯಾಲಯಕ್ಕೆ ತೋರಿಸಲು ಓರ್ಫಿಲಾನಿಗೆ ಸಾಧ್ಯವಾಯಿತು. ಇದಾದ ಕೆಲವೇ ವರ್ಷಗಳಲ್ಲಿ, 1849ರಲ್ಲಿ, ಮದರಾಸಿನಲ್ಲಿ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ ಆರಂಭವಾಯಿತು. ಭಾರತದಲ್ಲಿ ಅಂಥದು ಅದೇ ಮೊದಲು. ಕಲ್ಕತ್ತೆ, ಆಗ್ರಾ, ಮುಂಬಯಿಗಳದು ಆಮೇಲೆ. ಅಂದು ಮದರಾಸ್ ಪ್ರಾಂತದ ಜಿಲ್ಲೆಗಳಲ್ಲಿ, ಕೊಯಮತ್ತೂರಿನಲ್ಲಿಯೂ, ಅನುಮಾನದ ಸಾವು ಸಂಭವಿಸಿದರೆ ಒಳಾಂಗಗಳ ಪರೀಕ್ಷೆಗೆ ದಿಕ್ಕು ಮದರಾಸೇ ಆಗಿತ್ತು.

ಆ ಜಾಡಿಗಳ ಪದ್ಧತಿ ಇಂದಿಗೂ ಇದೆ. ಜಠರ ಮತ್ತು ಅದರಲ್ಲಿದ್ದುದು, ಸಣ್ಣ ಕರುಳಿನ ಒಂದು ತುಂಡು, ಸುಮಾರು 500 ಗ್ರಾಂ ಯಕೃತ್ತು, ಎರಡು ಮೂತ್ರಪಿಂಡಗಳಿಂದ ಅರ್ಧರ್ಧ: ಇವನ್ನು ಸಾಮಾನ್ಯವಾಗಿ ಗಟ್ಟಿಯಾದ ಉಪ್ಪಿನ ನೀರಿನಲ್ಲಿಟ್ಟು, ಮೊಹರು ಹಾಕಿ ರಾಸಾಯನಿಕ ಪರೀಕ್ಷೆಗೆ ಕಳಿಸುತ್ತಾರೆ. ಉಪ್ಪಿನಕಾಯಿ ಹಾಕುವ ಮನೆಯವರಿಗೆ ಈ ಉಪಾಯದ ಹಿಂದಿನ ತರ್ಕವನ್ನು ವಿವರಿಸಬೇಕಾಗಿಲ್ಲ. ಯಕೃತ್ತಿನ ಇನ್ನೊಂದು ಚಿಕ್ಕ ತುಂಡನ್ನು ಮಾತ್ರ ಬೇರೆಯಾಗಿ ಫಾರ್ಮಲಿನ್‌ನಲ್ಲಿ ಇಡುತ್ತಾರೆ. ಉಪ್ಪಿನ ನೀರಿನ ತುಂಡು ವಿಷದ ಹೆಸರನ್ನು ಹೇಳಬೇಕು. ಫಾರ್ಮಲಿನ್‌ನ ತುಂಡು ಆ ವಿಷ ಏನು ಮಾಡಿತೆಂಬುದನ್ನು ಹೇಳಬೇಕು. ಎರಡೂ ಬೇರೆ ಬೇರೆ ಪ್ರಶ್ನೆಗಳು. ಇದನ್ನು ತಿಳಿಯದೆ, ವರದಿ ಯಾಕೆ ಇನ್ನೂ ಬರಲಿಲ್ಲವೆಂದು ಶವಾಗಾರದ ಬಾಗಿಲಲ್ಲಿ ಕಾಯುವ ಕುಟುಂಬಗಳು ಕಂಗಾಲಾಗುವುದನ್ನು ನಾವು ಕಂಡಿದ್ದೇವೆ.

ಯಕೃತ್ತಿಗೇ ಇಷ್ಟು ಮಹತ್ವ ಏಕೆ? ಜಠರ ಮತ್ತು ಕರುಳುಗಳಿಂದ ಹೊರಟ ರಕ್ತವೆಲ್ಲ ಹೃದಯಕ್ಕೆ ಹೋಗುವ ಮುನ್ನ ಈ ಅಂಗವನ್ನು ಹಾದುಹೋಗಬೇಕು. ಯಕೃತ್ತಿಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಹೀಗೆ ಬರುವುದೇ. ನುಂಗಿದ್ದು ಅನ್ನವಾಗಲಿ ವಿಷವಾಗಲಿ ಮೊದಲು ತಲುಪುವುದು ಅಲ್ಲಿಗೆ. ಊರ ಬಾಗಿಲಿನ ಸುಂಕದಕಟ್ಟೆಯಂತೆ. ವಿಷವನ್ನು ಒಡೆದು ನಿರಪಾಯಗೊಳಿಸುವುದು ಅದರ ಕೆಲಸ. ಒಡೆಯುವಾಗಲೇ ಕೆಲವು ವಸ್ತುಗಳು ಮೊದಲಿಗಿಂತ ಕ್ರೂರವಾಗುತ್ತವೆ. ಆಗ ಕಾವಲಿನವನೇ ಮೊದಲು ಬೀಳುತ್ತಾನೆ.

ಆರೋಗ್ಯವಂತನ ಯಕೃತ್ತು ಒಂದೂವರೆ ಕಿಲೋಗ್ರಾಮಿನ ಆಸುಪಾಸು ತೂಗುತ್ತದೆ; ಕೆಂಗಂದು ಬಣ್ಣ, ನಯವಾದ ಮೈ, ಚೂಪಾದ ಅಂಚು. ವಿಷ ಬೇಗನೆ ಕೊಂದಿದ್ದರೆ ಪರೀಕ್ಷೆಯ ಮೇಜಿನ ಮೇಲೆ ಅದು ಹೆಚ್ಚೇನೂ ಹೇಳುವುದಿಲ್ಲ. ರಕ್ತ ತುಂಬಿ ಭಾರವಾಗಿರುತ್ತದೆ, ಕೊಯ್ದರೆ ಕಪ್ಪಾದ ರಕ್ತ ಒಸರುತ್ತದೆ, ಅಷ್ಟೆ. ಇದು ಯಾವ ವಿಷದಲ್ಲಿಯೂ, ವಿಷವಲ್ಲದ ಎಷ್ಟೋ ಸಾವುಗಳಲ್ಲಿಯೂ ಕಾಣುವ ಗುರುತು. ರೋಗಿಯು ಕೆಲವು ದಿನ ಬದುಕಿದ್ದರೆ ಮಾತ್ರ ಯಕೃತ್ತು ಮಾತನಾಡುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ರಕ್ತದ ಕಿರು ಓಣಿಗಳು ಹಿಗ್ಗಿರುತ್ತವೆ. ಜೀವಕೋಶಗಳ ಒಳಗೆ ಕೊಬ್ಬಿನ ಹನಿಗಳು ಸೇರಿಕೊಂಡಿರುತ್ತವೆ. ಮುಂದೆ ಕೋಶಗಳೇ ಸತ್ತು, ತಮ್ಮ ಬೀಜಕೇಂದ್ರವನ್ನು ಕಳೆದುಕೊಂಡು ಗುಲಾಬಿ ಬಣ್ಣದ ಕಲೆಗಳಂತೆ ಉಳಿದಿರುತ್ತವೆ. ಎಂದರೆ ಯಕೃತ್ತು ವಿಷದ ಹೆಸರಿಗಿಂತ ಹೆಚ್ಚಾಗಿ ಕಾಲವನ್ನು ತಿಳಿಸುತ್ತದೆ. ಎಷ್ಟು ಹೊತ್ತು, ಎಷ್ಟು ದಿನ ಈ ದೇಹವು ಹೋರಾಡಿತೆಂಬ ಲೆಕ್ಕ ಅದರಲ್ಲಿದೆ.

ಸಗಣಿಪುಡಿಯ ಸಾವಿನಲ್ಲಿ ಬಾಯಿ, ಅನ್ನನಾಳ, ಜಠರದ ಒಳಪೊರೆಗಳು ಹಳದಿಯೋ ಹಸಿರೋ ಬಣ್ಣ ಹಿಡಿದಿರುವುದು ಮೊದಲ ನೋಟಕ್ಕೇ ಕಾಣುತ್ತದೆ. ಪರೀಕ್ಷಿಸುವವನಿಗೆ ಇದಕ್ಕಿಂತ ಸ್ಪಷ್ಟವಾದ ಸುಳಿವು ಬೇಕಿಲ್ಲ. ಆದರೆ ಯಕೃತ್ತಿನಲ್ಲಿ ಕಾಣುವ ರಕ್ತದ ತುಂಬುವಿಕೆ, ಕೊಬ್ಬಿನ ಹನಿ, ಕೋಶಗಳ ಸಾವು ಇವು ಈ ಬಣ್ಣಕ್ಕೇ ಮೀಸಲಾದ ಗುರುತುಗಳಲ್ಲ. ಬಹುಕಾಲ ಕುಡಿದವನ ಯಕೃತ್ತಿನಲ್ಲಿಯೂ ಕೊಬ್ಬಿರುತ್ತದೆ. ಕೊಳೆಯತೊಡಗಿದ ಶವದಲ್ಲಿ ಯಕೃತ್ತು ಬ್ರೆಡ್ಡಿನಂತೆ ತೂತುತೂತಾಗಿ ಎಲ್ಲ ಸಾಕ್ಷ್ಯವನ್ನೂ ಅಳಿಸಿಬಿಡುತ್ತದೆ. ಆದುದರಿಂದ ಗಾಜಿನ ಮೇಲಿನ ತೆಳುಪದರವನ್ನೊಂದೇ ನೋಡಿ ತೀರ್ಪು ಹೇಳುವ ವೈದ್ಯನಿಗಿಂತ, ಆಸ್ಪತ್ರೆಯ ಕಾಗದ, ಮನೆಯವರ ಮಾತು, ರಸಾಯನಶಾಲೆಯ ವರದಿ ಇವನ್ನೆಲ್ಲ ಪಕ್ಕದಲ್ಲಿಟ್ಟುಕೊಂಡು ಹೇಳುವವನನ್ನು ನಾವು ಹೆಚ್ಚು ನಂಬುತ್ತೇವೆ.

ಯಕೃತ್ತಿನ ಮೇಲೆಯೇ ತನ್ನ ಹೆಸರನ್ನು ಬರೆದಿಡುವ ವಿಷ ಇನ್ನೊಂದಿದೆ. ಅದು ಹಳದಿ ರಂಜಕ, ನಮ್ಮ ಅಂಗಡಿಗಳಲ್ಲಿ ಟ್ಯೂಬುಗಳಲ್ಲಿ ಸಿಗುತ್ತಿದ್ದ ಇಲಿಪಾಷಾಣದ ಸತ್ವ. ಇದರಿಂದ ಸತ್ತವರ ಯಕೃತ್ತು ಊದಿಕೊಂಡು, ಹಳದಿಗಟ್ಟಿ, ಮುಟ್ಟಿದರೆ ಜಿಡ್ಡುಜಿಡ್ಡಾಗಿರುತ್ತದೆ. ಬಹಳಷ್ಟು ವಿಷಗಳು ಯಕೃತ್ತಿನ ಪ್ರತಿಯೊಂದು ಕಿರುಘಟಕದ ನಡುಭಾಗವನ್ನು, ಅಂದರೆ ಪ್ರಾಣವಾಯು ಕಡಿಮೆಯಿರುವ ಜಾಗವನ್ನು, ಮೊದಲು ಹಿಡಿಯುತ್ತವೆ. ಜ್ವರದ ಮಾತ್ರೆಯಾದ ಪ್ಯಾರಸಿಟಮಾಲ್ ಅತಿಯಾದಾಗ ಆಗುವುದು ಹೀಗೆಯೇ. ರಂಜಕವಾದರೋ ರಕ್ತ ಒಳಬರುವ ಅಂಚಿನಿಂದಲೇ ಕೊಲ್ಲಲು ಆರಂಭಿಸುತ್ತದೆ. ಈ ವ್ಯತ್ಯಾಸವನ್ನು ಕಂಡ ಕಣ್ಣು ವಿಷವನ್ನು ಬಹುಮಟ್ಟಿಗೆ ಊಹಿಸಬಲ್ಲದು.

ಇಲ್ಲಿ ಮನೆಯವರೆಲ್ಲ ತಿಳಿದಿರಬೇಕಾದ ಒಂದು ಮಾತನ್ನು ಚರಿತ್ರೆಯ ನಡುವೆ ನಿಲ್ಲಿಸಿ ಹೇಳುತ್ತೇವೆ. ಇಲಿಪಾಷಾಣ ಸೇವಿಸಿದವರಲ್ಲಿ ಮೊದಲ ದಿನ ವಾಂತಿ, ಹೊಟ್ಟೆನೋವು ಕಾಣಿಸಿ ಆಮೇಲೆ ಒಂದೆರಡು ದಿನ ಎಲ್ಲವೂ ಸರಿಯಾದಂತೆ ತೋರುತ್ತದೆ. ರೋಗಿ ಎದ್ದು ಕೂರುತ್ತಾನೆ, ಊಟ ಕೇಳುತ್ತಾನೆ, ಮನೆಗೆ ಹೋಗೋಣವೆನ್ನುತ್ತಾನೆ. ಕುಟುಂಬದವರು ಮರ್ಯಾದೆಗೆ ಅಂಜಿ, ಪೊಲೀಸರಿಗೆ ಅಂಜಿ, ಸಹಿ ಹಾಕಿ ಕರೆದೊಯ್ಯುತ್ತಾರೆ. ಯಕೃತ್ತು ಒಳಗೆ ಸಾಯುತ್ತಿರುವುದು ಆ ದಿನಗಳಲ್ಲಿಯೇ. ಮೂರನೆಯ ದಿನದ ಹೊತ್ತಿಗೆ ಕಣ್ಣು ಹಳದಿಯಾಗಿ, ಮನಸ್ಸು ಮಂಕಾಗಿ ಮರಳಿ ಬಂದಾಗ ವೈದ್ಯರ ಕೈಯಲ್ಲಿ ಉಳಿದಿರುವುದು ಸ್ವಲ್ಪವೇ. ಏನು ಸೇವಿಸಿದರೆಂಬುದನ್ನು ಮುಚ್ಚಿಡುವುದರಿಂದಲೂ ಇದೇ ನಷ್ಟ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ ಪ್ರಕಾರ ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದೇ ಭಾವಿಸಬೇಕು. ಹಿಂದಿನಂತೆ ಅವರನ್ನು ಅಪರಾಧಿಗಳಾಗಿ ಕಟಕಟೆಗೆ ತರುವಂತಿಲ್ಲ. ಮನಸ್ಸು ಕುಸಿದವರು ಹಗಲಾಗಲಿ ರಾತ್ರಿಯಾಗಲಿ 14416 ಸಂಖ್ಯೆಗೆ ಕರೆ ಮಾಡಿ ಮಾತನಾಡಬಹುದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಯಾದ ಅದು ತಮಿಳಿನಲ್ಲಿಯೂ ಕನ್ನಡದಲ್ಲಿಯೂ ದೊರೆಯುತ್ತದೆ.

ಯಕೃತ್ತು ಏನನ್ನೂ ಹೇಳದ ಸಾವುಗಳೂ ಇವೆ. ಒಂದು ಕಾಲಕ್ಕೆ ಕೊಯಮತ್ತೂರು ಜಿಲ್ಲೆಗೇ ಸೇರಿದ್ದ ಕೊಳ್ಳೇಗಾಲ ಸೀಮೆಯ ಸುಳ್ವಾಡಿಯಲ್ಲಿ 2018ರ ಡಿಸೆಂಬರ್ 14ರಂದು ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಮಂದಿ ಪ್ರಾಣ ಕಳೆದುಕೊಂಡರು. ಅನ್ನಕ್ಕೆ ಬೆರೆತಿದ್ದುದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ಅದು ನರಗಳನ್ನೂ ಉಸಿರನ್ನೂ ಹಿಡಿಯುವ ವಿಷ. ಯಕೃತ್ತು ಬದಲಾಗುವಷ್ಟು ಕಾಲವನ್ನು ಅದು ಹಲವು ಬಾರಿ ಕೊಡುವುದೇ ಇಲ್ಲ. ಅಂಥಲ್ಲಿ ಸತ್ಯವನ್ನು ಹೇಳಬೇಕಾದುದು ಉಪ್ಪಿನ ನೀರಿನ ಜಾಡಿ ಮತ್ತು ಉಳಿದ ಅನ್ನ. ಗಡಿಯ ಆಚೆಯ ಘಟನೆಯೆಂದು ಅದನ್ನು ನಾವು ಪತ್ರಿಕೆಯಲ್ಲಿ ಓದಿ ಮಡಿಸಿಡಲಾಗಲಿಲ್ಲ. ಆ ಸೀಮೆಯೊಂದಿಗೆ ನಂಟಸ್ತನವಿರುವ ಮನೆಗಳು ನಮ್ಮ ಸಂಘದಲ್ಲಿಯೂ ಇವೆ.

ಇನ್ನು ಕಾನೂನಿನ ಕಥೆ. ಪಾಷಾಣದ ಮಾರಾಟವನ್ನು ಹದ್ದಿನಲ್ಲಿಡಲು 1904ರಲ್ಲಿ ಒಂದು ಕಾಯಿದೆ ಬಂದಿತು. 1919ರಲ್ಲಿ ಅದರ ಜಾಗಕ್ಕೆ ಇನ್ನೊಂದು. ಬೆಂಕಿಕಡ್ಡಿಯ ತುದಿಗೆ ಬಿಳಿ ರಂಜಕ ಹಚ್ಚುವುದರಿಂದ ಕೆಲಸಗಾರರ ದವಡೆಯ ಎಲುಬುಗಳು ಕೊಳೆಯುತ್ತಿದ್ದವು; 1906ರ ಬರ್ನ್ ಒಪ್ಪಂದದ ತರುವಾಯ ಭಾರತವೂ 1913ರಲ್ಲಿ ಅದನ್ನು ನಿಷೇಧಿಸಿತು. ಬೆಂಕಿಪೆಟ್ಟಿಗೆಯಿಂದ ಹೊರದೂಡಲ್ಪಟ್ಟ ಅದೇ ರಂಜಕ ಇಲಿಪಾಷಾಣದ ಟ್ಯೂಬಿನೊಳಗೆ ಹೊಕ್ಕು ಮರಳಿ ಮನೆ ಸೇರಿದ್ದನ್ನು ಚರಿತ್ರೆಯ ವ್ಯಂಗ್ಯವೆನ್ನಬೇಕೋ ಆಡಳಿತದ ಮರೆವೆನ್ನಬೇಕೋ ತಿಳಿಯದು. ಬಟ್ಟೆಯ ಬಣ್ಣವನ್ನಂತೂ ಅಂಗಡಿಯವನು ವಿಷವೆಂದು ಬೇರೆಯಾಗಿಡಲೇ ಇಲ್ಲ. ಅದು ಉಪ್ಪು, ಸೀಗೆಕಾಯಿಗಳ ಸಾಲಿನಲ್ಲಿಯೇ ತೂಗಾಡಿತು. 2022ರಲ್ಲಿ ತಮಿಳುನಾಡಿನ ಆರೋಗ್ಯ ಸಚಿವರು ಸಗಣಿಪುಡಿಯ ಮಾರಾಟವನ್ನು ತಡೆಯಲು ಕ್ರಮ ಕೈಗೊಳ್ಳುವುದಾಗಿ ಪ್ರಕಟಿಸಿದರು. ಹಳದಿ ರಂಜಕದ ಇಲಿಪಾಷಾಣದ ಮೇಲೆಯೂ ರಾಜ್ಯ ಸರ್ಕಾರ ಕೈಯಿಟ್ಟಿತು.

ನಿಷೇಧದಿಂದ ಏನಾಗುತ್ತದೆ, ಸಾಯಬೇಕೆಂದವರು ಬೇರೆ ದಾರಿ ಹುಡುಕುವುದಿಲ್ಲವೇ ಎಂದು ಕೇಳುವವರುಂಟು. ಈ ಪ್ರಶ್ನೆಗೆ ನೆರೆಯ ಶ್ರೀಲಂಕಾ ಉತ್ತರ ಕೊಟ್ಟಿದೆ. 1995ರಲ್ಲಿ ಅತಿ ಉಗ್ರವಾದ ಕೀಟನಾಶಕಗಳನ್ನೂ 1998ರಲ್ಲಿ ಎಂಡೋಸಲ್ಫಾನ್ ಅನ್ನೂ ಅಲ್ಲಿ ತಡೆಹಿಡಿದರು. 1995ರಿಂದ 2005ರೊಳಗೆ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಜನರ ದುಃಖ ಅರ್ಧವಾಯಿತೆಂದು ಯಾರೂ ಹೇಳಲಾರರು. ಕೈಗೆಟುಕುವಲ್ಲಿ ವಿಷವಿಲ್ಲದಿದ್ದಾಗ ಆ ಗಳಿಗೆ ಕಳೆದುಹೋಯಿತು, ಅಷ್ಟೆ. ಗಳಿಗೆ ಕಳೆದವರಲ್ಲಿ ಬಹುಮಂದಿ ಮತ್ತೆ ಬದುಕಿದರು.

ಕೊಯಮತ್ತೂರಿನ ಸರ್ಕಾರಿ ವೈದ್ಯಕೀಯ ಕಾಲೇಜು 1966ರಲ್ಲಿ ಆರಂಭವಾಯಿತು. ತಿರುಪ್ಪೂರು 2009ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು, 2022ರ ಜನವರಿಯಲ್ಲಿ ಅದಕ್ಕೂ ಒಂದು ಸರ್ಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾಯಿತು. ಇಂಥ ಕಾಲೇಜುಗಳ ಅಂಗಾಂಶ ವಿಭಾಗಗಳಲ್ಲಿ ಯಕೃತ್ತಿನ ತುಂಡುಗಳನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ನೇರಳೆ ಮತ್ತು ಗುಲಾಬಿ ಬಣ್ಣಗಳಿಂದ ಬಣ್ಣಿಸಿ ಗಾಜಿನ ಮೇಲೆ ಕೂರಿಸುತ್ತಾರೆ. ಆ ಎರಡರಲ್ಲಿ ಗುಲಾಬಿಯಾದ ಇಯೋಸಿನ್ ಕೂಡ 1870ರ ದಶಕದಲ್ಲಿ ಹೈನ್ರಿಚ್ ಕಾರೊ ಕಂಡುಹಿಡಿದ ಬಣ್ಣವೇ. ಆರಮೀನನ್ನು ಜಗತ್ತಿಗೆ ಕೊಟ್ಟ ಕೈಯೇ ಅದರ ಗಾಯವನ್ನು ಓದಲು ಬೇಕಾದ ಬಣ್ಣವನ್ನೂ ಕೊಟ್ಟಿತ್ತು. ಮೇಣದ ಆ ಕಟ್ಟಿಗಳು ಕೆಡುವುದಿಲ್ಲ. ವರ್ಷಗಳ ತರುವಾಯವೂ ತೆಗೆದು ಮತ್ತೊಮ್ಮೆ ಹೆರೆದು ನೋಡಬಹುದು. ಪ್ರತಿಯೊಂದರ ಮೇಲೆ ಒಂದು ಸಂಖ್ಯೆ ಮತ್ತು ಒಂದು ವರ್ಷ ಇರುತ್ತದೆ, ಹೆಸರಿರುವುದಿಲ್ಲ.